ಬೇಕು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ

ಅಮೆರಿಕದ ಸೆನೆಟ್‌ನಲ್ಲಿ ಒಂದು ನೀಲಿ ಚೀಟಿ ಇದೆ. ಹೆಸರಿಗೆ ಮಾತ್ರ ನೀಲಿ ಅಲ್ಲ, ನಿಜಕ್ಕೂ ನೀಲಿ ಬಣ್ಣದ ಕಾಗದ. ಒಂದು ರಾಜ್ಯದ ಫೆಡರಲ್ ಜಿಲ್ಲಾ ಕೋರ್ಟಿಗೆ ಅಧ್ಯಕ್ಷರು ಯಾರನ್ನಾದರೂ ಜಡ್ಜ್ ಸ್ಥಾನಕ್ಕೆ ಸೂಚಿಸಿದರೆ, ಸೆನೆಟ್‌ನ ನ್ಯಾಯಾಂಗ ಸಮಿತಿ ಆ ರಾಜ್ಯದ ಇಬ್ಬರು ಸೆನೆಟರ್‌ಗಳಿಗೂ ಈ ಚೀಟಿ ಕಳಿಸುತ್ತದೆ. ಒಪ್ಪಿಗೆ ಇದೆಯಾ ಇಲ್ಲವಾ ಅಂತ ಗುರುತು ಹಾಕಿ, ಸಹಿ ಮಾಡಿ ವಾಪಸ್ ಕೊಡಬೇಕು. ಸುಮಾರು 1917ರಿಂದ ನಡೆದುಕೊಂಡು ಬಂದ ಪದ್ಧತಿ ಇದು. ಸಂವಿಧಾನದಲ್ಲಿ ಇದರ ಮಾತಿಲ್ಲ, ಯಾವ ಕಾಯ್ದೆಯಲ್ಲೂ ಇಲ್ಲ. ಸಮಿತಿಯ ಅಧ್ಯಕ್ಷರು ಎಷ್ಟು ಬೆಲೆ ಕೊಡುತ್ತಾರೋ ಅಷ್ಟೇ ಅದರ ಬೆಲೆ.

ಒಪ್ಪಿಗೆ ಇಲ್ಲದವರು 'ಬೇಡ' ಎಂದು ಬರೆಯುವ ಕಷ್ಟವನ್ನೂ ಪಡಬೇಕಾಗಿಲ್ಲ. ಚೀಟಿಯನ್ನು ವಾಪಸ್ ಕೊಡದೆ ಸುಮ್ನೆ ಇದ್ದುಬಿಟ್ಟರೆ ಆಯಿತು. ವಿಚಾರಣೆ ನಡೆಯುವುದಿಲ್ಲ, ಮತಕ್ಕೆ ಬರುವುದಿಲ್ಲ. ಸೆನೆಟ್‌ನ ಅವಧಿ ಮುಗಿದಾಗ ಹೆಸರು ತಾನಾಗಿಯೇ ಬಿದ್ದುಹೋಗುತ್ತದೆ. ಕಾರಣ ಕೇಳುವವರಿಲ್ಲ. ಕೇಳಿದರೂ ಹೇಳಲೇಬೇಕು ಅಂತಿಲ್ಲ.

ನಾನಿರುವುದು ನಾರ್ತ್ ಕ್ಯಾರೊಲೈನಾ ರಾಜ್ಯದ ಕ್ಯಾರಿ ಊರಿನಲ್ಲಿ. ರಿಸರ್ಚ್ ಟ್ರಯಾಂಗಲ್ ಕಡೆಯ ಕಂಪನಿಗಳಿಗೆ ಬಂದು ಇಲ್ಲೇ ನೆಲೆಸಿದ ಕನ್ನಡಿಗರು ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಯಾವ ಶಾಲೆ ಚೆನ್ನಾಗಿದೆ, ಗ್ರೀನ್ ಕಾರ್ಡ್ ಯಾವ ತಾರೀಖಿನವರೆಗೆ ಬಂತು, ರಾಜ್ಯೋತ್ಸವಕ್ಕೆ ಹಾಲ್ ಎಲ್ಲಿ ಸಿಗುತ್ತೆ, ಇದೆಲ್ಲ ನಮಗೆ ಬಾಯಿಪಾಠ. ನಾವು ಯಾವ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಬರುತ್ತೇವೆ ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಾವು ಬರುವುದು ಪೂರ್ವ ಜಿಲ್ಲೆಗೆ. ರಾಲಿ ನಗರದಿಂದ ಹಿಡಿದು ಅಟ್ಲಾಂಟಿಕ್ ಕರಾವಳಿಯವರೆಗೆ 44 ಕೌಂಟಿಗಳಿಗೆ ಅದೇ ಕೋರ್ಟು. ಅಮೆರಿಕದ ಅತಿ ದೊಡ್ಡ ಸೇನಾ ನೆಲೆಗಳಲ್ಲಿ ಎರಡು ಅದರ ವ್ಯಾಪ್ತಿಯಲ್ಲೇ ಇವೆ.

ಈ ಕೋರ್ಟಿನ ಒಬ್ಬ ಜಡ್ಜ್ 2005ರ ಕೊನೆಗೆ ಪೂರ್ಣಾವಧಿ ಕೆಲಸದಿಂದ ಸರಿದರು. ಆ ಕುರ್ಚಿಗೆ ಮುಂದಿನ ಜಡ್ಜ್ ಬಂದಿದ್ದು 2019ರ ಡಿಸೆಂಬರಿನಲ್ಲಿ. ಹತ್ತಿರ ಹತ್ತಿರ 14 ವರ್ಷ. ಆಗ ಒಂದನೇ ಕ್ಲಾಸಿಗೆ ಸೇರಿದ ಮಗು ಹೈಸ್ಕೂಲು ಮುಗಿಸಿಯೇ ಬಿಟ್ಟಿತ್ತು. ಅಮೆರಿಕದ ಇಡೀ ಫೆಡರಲ್ ವ್ಯವಸ್ಥೆಯಲ್ಲಿ ಅಷ್ಟು ಕಾಲ ಖಾಲಿ ಬಿದ್ದಿದ್ದ ಇನ್ನೊಂದು ಜಿಲ್ಲಾ ಕೋರ್ಟಿನ ಸ್ಥಾನ ಆಗ ಇರಲಿಲ್ಲ.

ಈ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಇದರಲ್ಲಿ ಎರಡೂ ಪಕ್ಷಗಳ ಕೈ ಇದೆ.

ಮೊದಲು ಬುಷ್ ಅವರು ಥಾಮಸ್ ಫಾರ್ ಎಂಬ ರಾಲಿಯ ವಕೀಲರ ಹೆಸರು ಕಳಿಸಿದರು. ಅಷ್ಟರಲ್ಲಿ ಸೆನೆಟ್ ಡೆಮಾಕ್ರಟಿಕ್ ಪಕ್ಷದ ಕೈಗೆ ಬಂತು. ಸಮಿತಿ ಅವರನ್ನು ವಿಚಾರಣೆಗೆ ಕರೆಯಲೇ ಇಲ್ಲ. ಬುಷ್ ಅವಧಿ ಮುಗಿಯಿತು, ಹೆಸರೂ ಬಿತ್ತು. ಆಮೇಲೆ ಒಬಾಮಾ ಬಂದರು. 2013ರಲ್ಲಿ ಜೆನಿಫರ್ ಮೇ-ಪಾರ್ಕರ್ ಅವರ ಹೆಸರು ಕೊಟ್ಟರು. ಅವರು ಇಲ್ಲಿಯೇ ಕೆಲಸ ಮಾಡುತ್ತಿದ್ದ ಫೆಡರಲ್ ಪ್ರಾಸಿಕ್ಯೂಟರ್, ಕಪ್ಪು ಮಹಿಳೆ. ಪೂರ್ವ ಜಿಲ್ಲೆಯಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಪ್ಪು ಸಮುದಾಯದವರು. ಆದರೂ ಅವತ್ತಿನವರೆಗೆ ಒಬ್ಬ ಕಪ್ಪು ಜಡ್ಜ್ ಕೂಡ ಆ ಕೋರ್ಟಿನಲ್ಲಿ ಕೂತಿರಲಿಲ್ಲ. ರಾಜ್ಯದ ರಿಪಬ್ಲಿಕನ್ ಸೆನೆಟರ್ ರಿಚರ್ಡ್ ಬರ್ ನೀಲಿ ಚೀಟಿ ವಾಪಸ್ ಕೊಡಲಿಲ್ಲ. ಇವರು ಯಾಕೆ ಬೇಡ ಅಂತ ಜನರಿಗೆ ಬಿಡಿಸಿ ಹೇಳಲೂ ಇಲ್ಲ. 2014 ಕಳೆಯಿತು, ಅವರ ಹೆಸರೂ ಹೋಯಿತು. 2016ರಲ್ಲಿ ಪೆಟ್ರೀಷಿಯಾ ಟಿಮ್ಮನ್ಸ್-ಗುಡ್‌ಸನ್ ಅವರ ಹೆಸರು ಬಂತು. ನಾರ್ತ್ ಕ್ಯಾರೊಲೈನಾದ ಸುಪ್ರೀಂ ಕೋರ್ಟಿನಲ್ಲಿ ಕೂತ ಮೊದಲ ಕಪ್ಪು ಮಹಿಳೆ ಅವರು. ಅವರಿಗೂ ಅದೇ ಗತಿ.

ಟ್ರಂಪ್ ಬಂದ ಮೇಲೆ 2017ರಲ್ಲಿ ಮತ್ತೆ ಅದೇ ಥಾಮಸ್ ಫಾರ್. ಈ ಸಲ ವಿಷಯ ಮತದ ಹತ್ತಿರದವರೆಗೂ ಬಂತು. 2018ರ ನವೆಂಬರಿನಲ್ಲಿ ಚರ್ಚೆ ಮುಗಿಸುವ ಮತ ಸಮಸಮ ಬಿದ್ದು, ಉಪಾಧ್ಯಕ್ಷ ಪೆನ್ಸ್ ತಮ್ಮ ಮತ ಹಾಕಿ ದಾರಿ ಬಿಡಿಸಿಕೊಟ್ಟರು. ಮಾರನೇ ದಿನ ಸೌತ್ ಕ್ಯಾರೊಲೈನಾದ ಟಿಮ್ ಸ್ಕಾಟ್, ರಿಪಬ್ಲಿಕನ್ ಸೆನೆಟರ್‌ಗಳಲ್ಲಿ ಇದ್ದ ಒಬ್ಬರೇ ಕಪ್ಪು ಸದಸ್ಯ, ತಮ್ಮ ಪಕ್ಷದ್ದೇ ಅಭ್ಯರ್ಥಿಯನ್ನು ಒಪ್ಪುವುದಿಲ್ಲ ಎಂದು ಹೇಳಿಬಿಟ್ಟರು. ಕಾರಣವನ್ನೂ ಕೊಟ್ಟರು. 1990ರ ಸೆನೆಟ್ ಚುನಾವಣೆಯಲ್ಲಿ ಜೆಸ್ಸಿ ಹೆಲ್ಮ್ಸ್ ಅವರ ಪ್ರಚಾರ ತಂಡದ ಕಡೆಯಿಂದ ಕಪ್ಪು ಮತದಾರರನ್ನು ಹೆದರಿಸುವಂಥ ಪೋಸ್ಟ್‌ಕಾರ್ಡುಗಳು ಹೋಗಿದ್ದವು. ಅದರ ಬಗ್ಗೆ ನ್ಯಾಯ ಇಲಾಖೆ 1991ರಲ್ಲಿ ಬರೆದ ಟಿಪ್ಪಣಿಯೊಂದನ್ನು ಓದಿದ ಮೇಲೆ ತನಗೆ ಅನುಮಾನ ಉಳಿದಿದೆ ಎಂದರು. ಆ ಕಾರ್ಡುಗಳಲ್ಲಿ ತನ್ನ ಪಾತ್ರ ಇರಲಿಲ್ಲ ಎಂದು ಫಾರ್ ಹೇಳಿದ್ದರು. ಸ್ಕಾಟ್ ಅವರಿಗೆ ಅದು ಸಾಲಲಿಲ್ಲ. ಫಾರ್ ಅವರ ಕತೆ ಅಲ್ಲಿಗೆ ಮುಗಿಯಿತು.

ಹದಿನಾಲ್ಕು ವರ್ಷದ ಈ ಜಗ್ಗಾಟದಲ್ಲಿ ನನಗೆ ಗೌರವ ಹುಟ್ಟಿಸುವುದು ಆ ಒಂದು ದಿನ ಮಾತ್ರ. ಸ್ಕಾಟ್ ಅವರ ರಾಜಕೀಯ ನನಗೆ ಜಾಸ್ತಿ ಹಿಡಿಸುವುದಿಲ್ಲ. ಆದರೆ ಅವರು ಬಾಯಿಬಿಟ್ಟು 'ಬೇಡ' ಅಂದರು, ಯಾಕೆ ಅಂತ ಹೇಳಿದರು, ಅದರ ಕೆಳಗೆ ತಮ್ಮ ಹೆಸರು ಹಾಕಿದರು. ನಾವು ಅದನ್ನು ಓದಬಹುದು, ಒಪ್ಪಬಹುದು, ಜಗಳವಾಡಬಹುದು. ಉಳಿದವರೆಲ್ಲ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಹಾಗೆ ನಡೆದುಕೊಂಡರು.

ನ್ಯಾಯಾಧೀಶರ ನೇಮಕದ ಜಗಳದ ಬಗ್ಗೆ ಓದುವಾಗಲೆಲ್ಲ ನನಗೆ ಅನ್ನಿಸುವುದು ಇದು. ಜಗಳ ಇರುವುದು ತಪ್ಪಲ್ಲ. ಫೆಡರಲ್ ಜಡ್ಜ್ ಅಂದರೆ ಜೀವನಪರ್ಯಂತದ ಹುದ್ದೆ. ಗರ್ಭಪಾತ, ಬಂದೂಕು, ಮತದ ಹಕ್ಕು, ವಲಸೆ, ಎಲ್ಲವೂ ಕೊನೆಗೆ ಅವರ ಮೇಜಿಗೇ ಬರುತ್ತವೆ. ಅಂಥವರನ್ನು ಆರಿಸುವಾಗ ರಾಜಕೀಯ ಬೇಡ ಅನ್ನುವುದು ಸುಳ್ಳು ಮಾತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಬಂದ ಜಾನ್ ರಟ್ಲೆಜ್ ಅವರ ಹೆಸರನ್ನು 1795ರಲ್ಲೇ ಸೆನೆಟ್ 14-10 ಮತಗಳಿಂದ ತಿರಸ್ಕರಿಸಿತ್ತು. ಅವರನ್ನು ಸೂಚಿಸಿದ್ದು ಜಾರ್ಜ್ ವಾಷಿಂಗ್ಟನ್! ಹಾಗಾಗಿ ಹಿಂದೆ ಎಲ್ಲ ಸರಿಯಿತ್ತು, ಈಗ ಕೆಟ್ಟಿತು ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು ಒಂದೇ. ಮತಕ್ಕೆ ಹಾಕದೆ ನೆನೆಗುದಿಗೆ ಬೀಳಿಸುವುದು ಈ ಜಗಳದ ಮುಖ್ಯ ಆಯುಧವಾಗಿಬಿಟ್ಟಿದೆ. ಅಲ್ಲಿಂದಲೇ ವಿಷ ಏರಿದೆ.

ಜನ ಸಾಮಾನ್ಯವಾಗಿ ಈ ಕತೆಯನ್ನು ರಾಬರ್ಟ್ ಬೋರ್ಕ್ ಅವರಿಂದ ಶುರುಮಾಡುತ್ತಾರೆ. 1987ರ ಜುಲೈ 1ರಂದು ಅಧ್ಯಕ್ಷ ರೇಗನ್ ಸುಪ್ರೀಂ ಕೋರ್ಟಿಗೆ ಬೋರ್ಕ್ ಅವರ ಹೆಸರು ಪ್ರಕಟಿಸಿದರು. ಒಂದು ಗಂಟೆಯೊಳಗೇ ಡೆಮಾಕ್ರಟಿಕ್ ಸೆನೆಟರ್ ಎಡ್ವರ್ಡ್ ಕೆನಡಿ ಸೆನೆಟ್‌ನಲ್ಲಿ ಎದ್ದು ನಿಂತು ಬೋರ್ಕ್ ಬಂದರೆ ಅಮೆರಿಕ ಹೇಗಾಗುತ್ತದೆ ಅಂತ ಭಯಂಕರ ಚಿತ್ರ ಬಿಡಿಸಿದರು. ಆ ಭಾಷಣ ಅತಿಯಾಯಿತು ಅಂತ ನನಗೂ ಅನ್ನಿಸುತ್ತದೆ. ಆದರೆ ಆಮೇಲೆ ನಡೆದಿದ್ದನ್ನು ನೋಡಿ. ಬೋರ್ಕ್ ದಿನಗಟ್ಟಲೆ ಸಮಿತಿಯ ಮುಂದೆ ಕೂತು ಉತ್ತರ ಕೊಟ್ಟರು. ಖಾಸಗಿತನದ ಹಕ್ಕು ಸಂವಿಧಾನದಲ್ಲಿ ಇದೆಯಾ, ಗರ್ಭನಿರೋಧಕದ ಬಗ್ಗೆ ಕೋರ್ಟು ಕೊಟ್ಟ ತೀರ್ಪು ಸರಿಯಾ, ತಾವೇ ಹಿಂದೆ ಬರೆದ ಲೇಖನದ ಅರ್ಥ ಏನು, ಎಲ್ಲಕ್ಕೂ. ದೇಶ ಟಿವಿಯಲ್ಲಿ ನೋಡಿತು. ಸಮಿತಿಯಲ್ಲಿ 9-5ರಿಂದ ಸೋತರು. ಸೋಲುವುದು ಖಾತ್ರಿಯಾಗಿದ್ದರೂ ಹಿಂದೆ ಸರಿಯಲಿಲ್ಲ, ಪೂರ್ತಿ ಸೆನೆಟ್ ಮತ ಹಾಕಲಿ ಅಂದರು. ಅಕ್ಟೋಬರ್ 23ರಂದು 42-58ರಿಂದ ಸೋತರು. ಆರು ಮಂದಿ ರಿಪಬ್ಲಿಕನ್ನರು ಅವರ ವಿರುದ್ಧ, ಇಬ್ಬರು ಡೆಮಾಕ್ರಾಟರು ಅವರ ಪರ.

ಬೋರ್ಕ್ ಅವರ ಕಡೆಯವರು ಇದನ್ನು ಇವತ್ತಿಗೂ ಅನ್ಯಾಯ ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಒಬ್ಬ ಮನುಷ್ಯ ತಾನು ನಂಬಿದ್ದನ್ನು ನೇರವಾಗಿ ಹೇಳಿದ. ನೂರು ಜನ ಕೇಳಿಸಿಕೊಂಡರು, ಹೆಸರು ಹಿಡಿದು ಮತ ಹಾಕಿದರು. ಮುಂದೆ ಅದೇ ಕುರ್ಚಿಗೆ ಆಂಟನಿ ಕೆನಡಿ 1988ರ ಫೆಬ್ರುವರಿಯಲ್ಲಿ 97-0 ಮತಗಳಿಂದ ಬಂದರು. ಅದು ಚುನಾವಣೆಯ ವರ್ಷ, ಸೆನೆಟ್ ವಿರೋಧ ಪಕ್ಷದ ಕೈಯಲ್ಲಿತ್ತು. ಈ ಮಾತು ನೆನಪಿಟ್ಟುಕೊಳ್ಳಿ.

ಬೋರ್ಕ್ ಸೋಲಿನಿಂದ ಪಕ್ಷಗಳು ಕಲಿತ ಪಾಠ ಬೇರೆ. ಅಭ್ಯರ್ಥಿಗಳು ಉತ್ತರ ಕೊಡುವುದನ್ನು ಬಿಟ್ಟರು. 'ಆ ವಿಷಯ ಕೋರ್ಟಿನ ಮುಂದೆ ಬರಬಹುದು, ಈಗ ಹೇಳಲಾರೆ' ಅನ್ನುವುದು ಮಂತ್ರವಾಯಿತು. ಸೆನೆಟರ್‌ಗಳು ಮತಕ್ಕೆ ಹಾಕುವುದನ್ನು ಬಿಟ್ಟರು.

ವಾಷಿಂಗ್ಟನ್‌ನಲ್ಲಿ ಡಿ.ಸಿ. ಸರ್ಕ್ಯೂಟ್ ಅಂತ ಒಂದು ಮೇಲ್ಮನವಿ ಕೋರ್ಟು ಇದೆ. ಸರ್ಕಾರದ ದೊಡ್ಡ ದೊಡ್ಡ ಇಲಾಖೆಗಳ ಮೇಲಿನ ಕೇಸುಗಳು ಅಲ್ಲಿಗೇ ಹೋಗುತ್ತವೆ. ಸುಪ್ರೀಂ ಕೋರ್ಟಿಗೆ ಅದು ಮೆಟ್ಟಿಲು. ಆ ಕೋರ್ಟಿಗೆ 1992ರಲ್ಲಿ ಹಿರಿಯ ಬುಷ್ ಒಬ್ಬ ಯುವ ವಕೀಲರ ಹೆಸರು ಕಳಿಸಿದರು. ಡೆಮಾಕ್ರಟಿಕ್ ಸೆನೆಟ್ ಅವರನ್ನು ಕರೆಯಲಿಲ್ಲ, ಹೆಸರು ಬಿತ್ತು. 1999ರಲ್ಲಿ ಕ್ಲಿಂಟನ್ ಒಬ್ಬ ಯುವತಿಯ ಹೆಸರು ಕಳಿಸಿದರು. ರಿಪಬ್ಲಿಕನ್ ಸೆನೆಟ್ ಅವರನ್ನು ಕರೆಯಲಿಲ್ಲ, ಹೆಸರು ಬಿತ್ತು. ಮೊದಲನೆಯವರು ಜಾನ್ ರಾಬರ್ಟ್ಸ್, ಎರಡನೆಯವರು ಎಲೀನಾ ಕೇಗನ್. ಕೇಗನ್‌ಗೆ ಸಿಗದೆ ಉಳಿದ ಅದೇ ಕುರ್ಚಿಗೆ 2003ರಲ್ಲಿ ರಾಬರ್ಟ್ಸ್ ಬಂದು ಕೂತರು. ಈಗ ಇಬ್ಬರೂ ಸುಪ್ರೀಂ ಕೋರ್ಟಿನಲ್ಲಿದ್ದಾರೆ, ಒಬ್ಬರು ಮುಖ್ಯ ನ್ಯಾಯಮೂರ್ತಿ.

ಎಲ್ಲರಿಗೂ ಹಾಗೆ ಎರಡನೇ ಅವಕಾಶ ಸಿಗಲಿಲ್ಲ. ಮಿಗೆಲ್ ಎಸ್ಟ್ರಾಡಾ ಹೊಂಡುರಾಸ್ ದೇಶದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದವರು. ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಓದಿ ದೊಡ್ಡ ವಕೀಲರಾದರು. 2001ರ ಮೇ ತಿಂಗಳಲ್ಲಿ ಕಿರಿಯ ಬುಷ್ ಇವರ ಹೆಸರನ್ನು ಡಿ.ಸಿ. ಸರ್ಕ್ಯೂಟ್‌ಗೆ ಸೂಚಿಸಿದರು. ಮುಂದೆ ಸುಪ್ರೀಂ ಕೋರ್ಟಿಗೆ ಹೋಗಬಹುದು ಅನ್ನುವ ಭಯ ಡೆಮಾಕ್ರಾಟರಿಗೆ. ಚರ್ಚೆ ಮುಗಿಸಿ ಮತಕ್ಕೆ ಹಾಕಲು ಆಗ 60 ಮತ ಬೇಕಿತ್ತು. ಅದಕ್ಕೆ ಕಡಿಮೆ ಬಿದ್ದರೆ ಚರ್ಚೆ ಮುಗಿಯುವುದೇ ಇಲ್ಲ. 2003ರಲ್ಲಿ ಏಳು ಸಲ ಪ್ರಯತ್ನ ಆಯಿತು, ಏಳು ಸಲವೂ 60 ಸಿಗಲಿಲ್ಲ. ನೇರ ಮತಕ್ಕೆ ಹಾಕಿದ್ದರೆ ಗೆಲ್ಲುವಷ್ಟು ಬೆಂಬಲ ಅವರಿಗಿತ್ತು. ಸೆಪ್ಟೆಂಬರಿನಲ್ಲಿ ಅವರೇ ಸಾಕು ಅಂದು ಹಿಂದೆ ಸರಿದರು. 28 ತಿಂಗಳು ಕಾದಿದ್ದರು.

ನನಗೆ ಈ ಕತೆಯಲ್ಲಿ ಮನಸ್ಸು ತಟ್ಟಿದ್ದು ಇನ್ನೊಂದು ಸಂಗತಿ. ಹಾರ್ವರ್ಡ್‌ನ ಮೊದಲ ವರ್ಷದ ಕ್ಲಾಸಿನಲ್ಲಿ ಎಸ್ಟ್ರಾಡಾ ಅವರ ಪಕ್ಕದ ಸೀಟು ಯಾರದ್ದು ಗೊತ್ತಾ? ಎಲೀನಾ ಕೇಗನ್ ಅವರದ್ದು. 2010ರಲ್ಲಿ ಒಬಾಮಾ ಕೇಗನ್ ಅವರನ್ನು ಸುಪ್ರೀಂ ಕೋರ್ಟಿಗೆ ಸೂಚಿಸಿದಾಗ, ರಾಜಕೀಯದಲ್ಲಿ ಪೂರ್ತಿ ಎದುರು ದಡದಲ್ಲಿರುವ ಎಸ್ಟ್ರಾಡಾ ಸಮಿತಿಗೆ ಪತ್ರ ಬರೆದು, ಈಕೆ ಆ ಹುದ್ದೆಗೆ ಯೋಗ್ಯರು ಅಂದರು. ಕೇಗನ್ ಕೂಡ, ಎಸ್ಟ್ರಾಡಾ ಮೇಲ್ಮನವಿ ಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅರ್ಹರು ಅಂದರು. ಒಂದೇ ಬೆಂಚಿನಲ್ಲಿ ಓದಿದ ಇಬ್ಬರು. ಒಬ್ಬರನ್ನು ಆ ಪಕ್ಷ ನೆನೆಗುದಿಗೆ ಹಾಕಿತು, ಇನ್ನೊಬ್ಬರನ್ನು ಈ ಪಕ್ಷ. ಪಕ್ಷಗಳು ಹೇಳಲಾಗದ ಮಾತನ್ನು ಅವರಿಬ್ಬರು ಹೇಳಿದರು. ಇದನ್ನು ಮೊದಲು ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಆಮೇಲಿನದ್ದೆಲ್ಲ ಸೇರಿಗೆ ಸವ್ವಾಸೇರು. 2013ರ ಮೇ ತಿಂಗಳಲ್ಲಿ ಚಂಡೀಗಢದಲ್ಲಿ ಹುಟ್ಟಿದ ಶ್ರೀ ಶ್ರೀನಿವಾಸನ್ ಅದೇ ಡಿ.ಸಿ. ಸರ್ಕ್ಯೂಟ್‌ಗೆ 97-0 ಮತಗಳಿಂದ ಆಯ್ಕೆಯಾದರು. ಮುಂದೆ ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ತೆಗೆದುಕೊಂಡರು. ನಮ್ಮ ಜನ ಆ ಫೋಟೋ ಎಲ್ಲ ಕಡೆ ಹಂಚಿಕೊಂಡು ಖುಷಿಪಟ್ಟಿದ್ದರು. ಅದಾದ ಕೆಲವೇ ತಿಂಗಳಿಗೆ ಅದೇ ಕೋರ್ಟಿನ ಇನ್ನು ಮೂರು ಸ್ಥಾನಗಳಿಗೆ ಒಬಾಮಾ ಕಳಿಸಿದ ಮೂವರನ್ನೂ ರಿಪಬ್ಲಿಕನ್ನರು ತಡೆದರು. ಆ ಕೋರ್ಟಿಗೆ ಅಷ್ಟು ಕೆಲಸವೇ ಇಲ್ಲ, ಜಡ್ಜ್ ಯಾಕೆ ಅನ್ನುವುದು ಅವರ ವಾದ. ನವೆಂಬರ್ 21ರಂದು ಸೆನೆಟ್‌ನ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್ 52-48 ಮತಗಳಿಂದ ನಿಯಮದ ಅರ್ಥವನ್ನೇ ಬದಲಿಸಿದರು. ಸುಪ್ರೀಂ ಕೋರ್ಟು ಬಿಟ್ಟು ಉಳಿದೆಲ್ಲ ನೇಮಕಗಳಿಗೂ 60 ಬೇಡ, ಸರಳ ಬಹುಮತ ಸಾಕು. ಇದಕ್ಕೆ ನೀವು ಪಶ್ಚಾತ್ತಾಪ ಪಡುತ್ತೀರಿ ಅಂತ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅವತ್ತೇ ಎಚ್ಚರಿಸಿದ್ದರು. 2017ರ ಏಪ್ರಿಲಿನಲ್ಲಿ ಅವರೇ ಸುಪ್ರೀಂ ಕೋರ್ಟಿಗೂ ಅದೇ ನಿಯಮ ತಂದರು. ಪ್ರತಿ ಸಲವೂ ಸಮರ್ಥನೆ ಒಂದೇ, 'ಅವರು ಮಾಡಿದ್ದನ್ನೇ ನಾವು ಮಾಡಿದ್ದು.'

ಈಗ ಮೆರಿಕ್ ಗಾರ್ಲಂಡ್. 2016ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಟೆಕ್ಸಾಸ್‌ನಲ್ಲಿ ತೀರಿಕೊಂಡರು. ಅವತ್ತೇ ಮೆಕಾನೆಲ್ ಹೇಳಿಕೆ ಕೊಟ್ಟರು, ಹೊಸ ಅಧ್ಯಕ್ಷರು ಬರುವವರೆಗೆ ಈ ಸ್ಥಾನ ತುಂಬಬಾರದು ಅಂತ. ಚುನಾವಣೆಗೆ ಇನ್ನೂ ಒಂಬತ್ತು ತಿಂಗಳಿತ್ತು. ಮಾರ್ಚ್ 16ರಂದು ಒಬಾಮಾ ಗಾರ್ಲಂಡ್ ಹೆಸರು ಹೇಳಿದರು. ಡಿ.ಸಿ. ಸರ್ಕ್ಯೂಟ್‌ನ ಮುಖ್ಯ ನ್ಯಾಯಾಧೀಶ, ಒಕ್ಲಹೋಮ ಬಾಂಬ್ ಸ್ಫೋಟದ ಕೇಸಿನ ಮೇಲ್ವಿಚಾರಣೆ ಮಾಡಿದವರು, ಎರಡೂ ಕಡೆಯವರು ಮೆಚ್ಚಿಕೊಂಡಿದ್ದ ಮನುಷ್ಯ. ವಾಷಿಂಗ್ಟನ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಹೆಸರು ಸೂಚಿತವಾದ ಮೇಲೆ ತಮ್ಮ ಕೋರ್ಟಿನಲ್ಲಿ ಕೇಸು ಕೇಳುವುದನ್ನು ನಿಲ್ಲಿಸಿದರು. ಸಮಿತಿ ಕರೆಯದಿದ್ದರೂ ಪ್ರಶ್ನಾವಳಿಯನ್ನು ತುಂಬಿ ಕೊಟ್ಟರು. ಸೆನೆಟರ್‌ಗಳ ಕಚೇರಿಗೆ ಒಂದೊಂದಾಗಿ ಹೋಗಿ ಮಾತಾಡಿಸಿ ಬಂದರು. ಸಮಿತಿಯ ಅಧ್ಯಕ್ಷ ಚಕ್ ಗ್ರಾಸ್ಲಿ ಅವರ ಜೊತೆ ಬೆಳಗಿನ ತಿಂಡಿಯನ್ನೂ ತಿಂದರು. ವಿಚಾರಣೆ ಮಾತ್ರ ಇಲ್ಲ. 293 ದಿನ ಕಳೆದು, 2017ರ ಜನವರಿ 3ರಂದು ಹೆಸರು ಬಿದ್ದುಹೋಯಿತು.

ಇಲ್ಲಿ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ರಿಪಬ್ಲಿಕನ್ನರ ಹತ್ತಿರ ಆಗ 54 ಸ್ಥಾನ ಇತ್ತು. ಕರೆದು, ಪ್ರಶ್ನೆ ಕೇಳಿ, ಬೋರ್ಕ್ ಅವರನ್ನು ಸೋಲಿಸಿದ ಹಾಗೆ ಇವರನ್ನೂ ಸೋಲಿಸಬಹುದಿತ್ತು. ಸಂವಿಧಾನ ಅವರಿಗೆ ಆ ಅಧಿಕಾರ ಕೊಟ್ಟಿದೆ. ಯಾಕೆ ಮಾಡಲಿಲ್ಲ? ಯಾಕೆಂದರೆ ಬೇಡ ಅನ್ನಲು ಒಂದು ಕಾರಣ ಹುಡುಕಬೇಕಾಗುತ್ತಿತ್ತು. ಗಾರ್ಲಂಡ್ ಟಿವಿಯಲ್ಲಿ ಕೂತು ಶಾಂತವಾಗಿ ಉತ್ತರ ಕೊಡುವುದನ್ನು ಜನ ನೋಡಿಬಿಡುತ್ತಿದ್ದರು. ಆ ವರ್ಷ ಚುನಾವಣೆಗೆ ನಿಂತಿದ್ದ ಕೆಲವು ಸೆನೆಟರ್‌ಗಳಿಗೆ ಯಾವ ಮತ ಹಾಕಿದರೂ ಕಷ್ಟವಿತ್ತು. ಮತವೇ ಇಲ್ಲದಿದ್ದರೆ ಯಾರಿಗೂ ಕಷ್ಟವಿಲ್ಲ. ಚುನಾವಣೆಯ ವರ್ಷ ಸ್ಥಾನ ತುಂಬಬಾರದು ಅನ್ನುವ ನಿಯಮದ ಮಾತು ಎಷ್ಟು ಟೊಳ್ಳು ಅಂತ ನಾಲ್ಕು ವರ್ಷಕ್ಕೆ ಗೊತ್ತಾಯಿತು. 2020ರ ಸೆಪ್ಟೆಂಬರ್ 18ರಂದು ಅದೇ ಕೋರ್ಟಿನ ನ್ಯಾಯಮೂರ್ತಿ ರುತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ಅಕ್ಟೋಬರ್ 26ಕ್ಕೆ ಏಮಿ ಕೋನಿ ಬ್ಯಾರೆಟ್ 52-48ರಿಂದ ಆಯ್ಕೆಯಾದರು. ಮತದಾನದ ದಿನಕ್ಕೆ ಎಂಟು ದಿನ ಬಾಕಿ, ಅಂಚೆಯಲ್ಲಿ ಕೋಟಿಗಟ್ಟಲೆ ಜನ ಆಗಲೇ ಮತ ಹಾಕಿಯಾಗಿತ್ತು.

ಅಂದ ಹಾಗೆ, 2021ರಲ್ಲಿ ಬೈಡನ್ ಗಾರ್ಲಂಡ್ ಅವರನ್ನು ಅಟಾರ್ನಿ ಜನರಲ್ ಹುದ್ದೆಗೆ ಸೂಚಿಸಿದಾಗ 70-30 ಮತ ಬಂತು. ಅವರ ಪರ ಮತ ಹಾಕಿದವರಲ್ಲಿ ಮೆಕಾನೆಲ್ ಕೂಡ ಇದ್ದರು.

ಇದರಿಂದ ಸಾಮಾನ್ಯ ಜನಕ್ಕೇನು ಅನ್ನುವವರಿಗೆ ಮತ್ತೆ ನಮ್ಮ ಪೂರ್ವ ಜಿಲ್ಲೆಯ ಕಡೆ ಬರುತ್ತೇನೆ. ಅಮೆರಿಕದಲ್ಲಿ ಕ್ರಿಮಿನಲ್ ಕೇಸುಗಳನ್ನು ಬೇಗ ಮುಗಿಸಬೇಕು ಅಂತ 1974ರ ಕಾಯ್ದೆ ಇದೆ. ಜಡ್ಜ್ ಕಡಿಮೆಯಿದ್ದರೆ ಮೊದಲ ಸರದಿ ಕ್ರಿಮಿನಲ್‌ಗೇ. ಸಿವಿಲ್ ಕೇಸುಗಳು ಹಿಂದಕ್ಕೆ ಹೋಗುತ್ತವೆ. ಕೆಲಸದಿಂದ ಅನ್ಯಾಯವಾಗಿ ತೆಗೆದರು ಅನ್ನುವವರು, ಅಂಗವಿಕಲರ ಭತ್ಯೆ ನಿಲ್ಲಿಸಿದರು ಅನ್ನುವವರು, ಪೊಲೀಸರು ಹೊಡೆದರು ಅನ್ನುವವರು ಕಾಯುತ್ತಾರೆ. ವಯಸ್ಸಾದ, ಅರ್ಧ ನಿವೃತ್ತರಾದ ಜಡ್ಜ್‌ಗಳು ಹೆಗಲು ಕೊಟ್ಟು ಕೆಲಸ ದೂಡುತ್ತಾರೆ. ಕುರ್ಚಿ ಖಾಲಿ ಇಟ್ಟವರಿಗೆ ಈ ಜನರ ಮುಖ ಕಾಣುವುದಿಲ್ಲ.

ಇದನ್ನೆಲ್ಲ ಶಿವಮೊಗ್ಗದ ನಮ್ಮ ಚಿಕ್ಕಪ್ಪನ ಹತ್ತಿರ ಫೋನಿನಲ್ಲಿ ಹೇಳುತ್ತಿರುತ್ತೇನೆ. ಅವರು ಜೀವನವೆಲ್ಲ ವಕೀಲಿಕೆ ಮಾಡಿದವರು. ಕೋರ್ಟಿನಲ್ಲಿ ಜಡ್ಜ್ ಇಲ್ಲದಿದ್ದರೆ ಏನಾಗುತ್ತೆ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಇನ್‌ಚಾರ್ಜ್ ಜಡ್ಜ್ ಬರ್ತಾರೆ, ಬೆಂಚ್ ಕ್ಲರ್ಕ್ ಕೂಗ್ತಾನೆ, ಎಲ್ಲರಿಗೂ ಡೇಟ್ ಕೊಟ್ಟು ಏಳ್ತಾರೆ. ಹಳ್ಳಿಯಿಂದ ಬಂದ ಕಕ್ಷಿದಾರನಿಗೆ ಬಸ್ ಚಾರ್ಜ್ ದಂಡ" ಅನ್ನುತ್ತಾರೆ. ಗಾರ್ಲಂಡ್ ವಿಷಯ ಹೇಳಿದಾಗ ಅವರು ಅಂದಿದ್ದು ನೆನಪಿದೆ. "ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಹೇಳಿ ಕಳಿಸ್ತೀವಿ ಅಂತ ಹೋದವರ ಹಾಗಾಯ್ತಲ್ಲಮ್ಮ. ಬೇಡ ಅಂದಿದ್ರೆ ಬೇರೆ ಕಡೆ ನೋಡ್ಕೊಳ್ತಿದ್ರು." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮಲ್ಲೇನು ಕಮ್ಮಿ?" ಅಂದರು.

ಕಮ್ಮಿ ಇಲ್ಲ, ನಿಜ. ಭಾರತದಲ್ಲಿ ಸೆನೆಟ್ ಇಲ್ಲ, ಮತ ಇಲ್ಲ. 1993ರ ತೀರ್ಪಿನ ನಂತರ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರು ಕಳಿಸುತ್ತದೆ. ಸರ್ಕಾರ ಒಮ್ಮೆ ವಾಪಸ್ ಕಳಿಸಬಹುದು. ಕೊಲಿಜಿಯಂ ಮತ್ತೆ ಅದೇ ಹೆಸರು ಹೇಳಿದರೆ ಸರ್ಕಾರ ನೇಮಕ ಮಾಡಲೇಬೇಕು. ಇದನ್ನು ಬದಲಿಸಲು ತಂದ ರಾಷ್ಟ್ರೀಯ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟು 2015ರಲ್ಲಿ 4-1ರಿಂದ ರದ್ದು ಮಾಡಿತು. ಸರ್ಕಾರದ ಕೈಯಲ್ಲಿ ಉಳಿದಿದ್ದು ಒಂದೇ ದಾರಿ. ಕಡತದ ಮೇಲೆ ಕೂರುವುದು.

ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. ಹಿರಿಯ ವಕೀಲ ಆದಿತ್ಯ ಸೋಂಧಿ ಅವರ ಹೆಸರನ್ನು ಕೊಲಿಜಿಯಂ 2021ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟಿಗೆ ಶಿಫಾರಸು ಮಾಡಿತು. ಸೆಪ್ಟೆಂಬರಿನಲ್ಲಿ ಮತ್ತೆ ಒತ್ತಿ ಹೇಳಿತು. ನೇಮಕ ಆಗಲಿಲ್ಲ, ಆಗುವುದಿಲ್ಲ ಅಂತಲೂ ಯಾರೂ ಹೇಳಲಿಲ್ಲ. 2022ರ ಫೆಬ್ರುವರಿಯಲ್ಲಿ ಅವರು ತಮ್ಮ ಒಪ್ಪಿಗೆಯನ್ನು ವಾಪಸ್ ತೆಗೆದುಕೊಂಡರು. ಎಸ್ಟ್ರಾಡಾ ಮಾಡಿದ್ದೂ ಇದನ್ನೇ ಅಲ್ವಾ? ಇಂಥ ವಿಳಂಬದ ವಿರುದ್ಧ ಬೆಂಗಳೂರು ವಕೀಲರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ಪೀಠ ಸರ್ಕಾರವನ್ನು ಮತ್ತೆ ಮತ್ತೆ ಕೇಳಿತು. ಸ್ವಲ್ಪ ಕೆಲಸವೂ ಆಯಿತು. 2023ರ ಡಿಸೆಂಬರ್ 5ರಂದು ಆ ಕೇಸು ಅವರ ಪಟ್ಟಿಯಿಂದಲೇ ಮಾಯವಾಗಿತ್ತು. ತಾನು ತೆಗೆಸಿದ್ದಲ್ಲ ಎಂದ ಕೌಲ್, ಕೆಲವು ಮಾತು ಆಡದಿರುವುದೇ ಒಳ್ಳೆಯದು ಎಂದು ಸುಮ್ಮನಾದರು. ಅದೇ ತಿಂಗಳು ಅವರು ನಿವೃತ್ತರಾದರು.

ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ ಅವರ ವಿಷಯವನ್ನು ಚಿಕ್ಕಪ್ಪ ಆಗಾಗ ಎತ್ತುತ್ತಾರೆ. 1973ರ ಏಪ್ರಿಲಿನಲ್ಲಿ, ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂದ ಬೆನ್ನಲ್ಲೇ, ಸುಪ್ರೀಂ ಕೋರ್ಟಿನಲ್ಲಿ ಹಿರಿಯರಾಗಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಹಿಂದೆ ಹಾಕಿ ಸರ್ಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಅದು ದೊಡ್ಡ ತಪ್ಪು, ನ್ಯಾಯಾಂಗಕ್ಕೆ ಕೊಟ್ಟ ಪೆಟ್ಟು. ಆದರೂ ಅದು ಬಯಲಲ್ಲಿ ನಡೆಯಿತು. ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ನಿಂತು, ಜಡ್ಜ್‌ಗಳ ವಿಚಾರಧಾರೆಯನ್ನು ಸರ್ಕಾರ ನೋಡುತ್ತದೆ ಎಂದು ಸಮರ್ಥಿಸಿಕೊಂಡರು. ದೇಶ ಕೇಳಿಸಿಕೊಂಡಿತು, ವಕೀಲರು ಬೀದಿಗಿಳಿದರು. 1977ರಲ್ಲಿ ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಗೆದ್ದು ಅದೇ ಲೋಕಸಭೆಯ ಸ್ಪೀಕರ್ ಆದರು. ಎದುರಿಗೆ ಆಡಿದ ಮಾತಿಗೆ ಎದುರು ಉತ್ತರ ಕೊಡಬಹುದು. ಆಡದ ಮಾತಿಗೆ ಏನು ಉತ್ತರ ಕೊಡುವುದು?

ಅಮೆರಿಕದಲ್ಲಿ ಸೆನೆಟ್ ಮನಸ್ಸು ಮಾಡಿದರೆ ಒಂದು ಸಾಲಿನ ನಿಯಮ ಸಾಕು. ಹೆಸರು ಬಂದ ಇಷ್ಟು ದಿನಕ್ಕೆ ವಿಚಾರಣೆ, ಇಷ್ಟು ದಿನಕ್ಕೆ ಮತ. ಹಾಗೆ ಮಾಡಿದರೆ ಬಹುಮತ ಇರುವ ಪಕ್ಷ ಯಾವಾಗಲೂ ಗೆಲ್ಲುತ್ತದೆ ಅನ್ನುವವರಿದ್ದಾರೆ. ಈಗ ಏನಾಗುತ್ತಿದೆ? 60ರ ನಿಯಮ ಹೋದ ಮೇಲೆ ಬಹುಮತವೇ ಗೆಲ್ಲುತ್ತಿದೆ. ಗೆಲ್ಲಲಿ, ಆದರೆ ಹೆಸರು ಹೇಳಿ ಗೆಲ್ಲಲಿ. ಸೋಲಿಸುವವರು ಮುಖ ತೋರಿಸಿ ಸೋಲಿಸಲಿ. ನೀಲಿ ಚೀಟಿಯನ್ನು ಕೈಬಿಡಿ ಎಂದು ಟ್ರಂಪ್ 2025ರಲ್ಲಿ ಒತ್ತಾಯಿಸಿದರೂ, ಜಿಲ್ಲಾ ಕೋರ್ಟುಗಳ ಮಟ್ಟಿಗೆ ಗ್ರಾಸ್ಲಿ ಅದನ್ನು ಉಳಿಸಿಕೊಂಡಿದ್ದಾರೆ. ರಾಜ್ಯದ ಪ್ರತಿನಿಧಿಗಳ ಅಭಿಪ್ರಾಯ ಕೇಳುವುದು ಒಳ್ಳೆಯದೇ, ನನಗದು ಬೇಕು. ಅದಕ್ಕೊಂದು ಗಡುವು ಇರಲಿ, ಕಾರಣ ಬರೆಯುವ ಜಾಗ ಇರಲಿ.

ಚಿಕ್ಕಪ್ಪ ಇದನ್ನು ಪೂರ್ತಿ ಒಪ್ಪಲಿಲ್ಲ. "ಸರ್ಕಾರನ ಬೈತೀಯ. ಕೊಲಿಜಿಯಂ ಯಾರನ್ನ ಯಾಕೆ ಬಿಡ್ತು ಅಂತ ನಿನಗೆ ಗೊತ್ತಾಗತ್ತಾ? ಅಲ್ಲೂ ಬಾಗಿಲು ಹಾಕ್ಕೊಂಡೇ ಕೂರೋದು" ಅಂದರು. ಅದು ಸರಿಯಾದ ಮಾತು. ನಾನು ಅವರಿಗೆ 2023ರ ಜನವರಿಯ ನೆನಪು ಮಾಡಿದೆ. ಅವತ್ತು ಕೊಲಿಜಿಯಂ ಮೂರು ಹೆಸರುಗಳನ್ನು ಮತ್ತೆ ಕಳಿಸುವಾಗ ಸರ್ಕಾರದ ಆಕ್ಷೇಪ ಏನು, ತಮ್ಮ ಉತ್ತರ ಏನು ಎರಡನ್ನೂ ವೆಬ್‌ಸೈಟಿನಲ್ಲಿ ಹಾಕಿಬಿಟ್ಟಿತು. ಸೋಮಶೇಖರ್ ಸುಂದರೇಶನ್ ಸಾಮಾಜಿಕ ಜಾಲತಾಣದಲ್ಲಿ ಅಭಿಪ್ರಾಯ ಬರೆದಿದ್ದರು, ಜಾನ್ ಸತ್ಯನ್ ಪ್ರಧಾನಿಯನ್ನು ಟೀಕಿಸಿದ ಲೇಖನ ಹಂಚಿಕೊಂಡಿದ್ದರು, ಸೌರಭ್ ಕಿರ್ಪಾಲ್ ಅವರ ಸಂಗಾತಿ ಸ್ವಿಸ್ ಪ್ರಜೆ ಮತ್ತು ಅವರು ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡವರು. ವರ್ಷಗಟ್ಟಲೆ ಕಡತದೊಳಗೆ ಇದ್ದ ಮಾತುಗಳು ಒಂದೇ ದಿನ ಎಲ್ಲರ ಕಣ್ಣಿಗೆ ಬಿದ್ದವು. ಗುಪ್ತಚರ ಸಂಸ್ಥೆಯ ವಿಷಯ ಹೊರಗೆ ಹಾಕಬಾರದಿತ್ತು ಅಂತ ಕಾನೂನು ಸಚಿವರು ಸಿಟ್ಟಾದರು.

ಸುಂದರೇಶನ್ ಅದೇ ವರ್ಷ ನವೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ಜಡ್ಜ್ ಆದರು. ಉಳಿದ ಇಬ್ಬರಿಗೆ ಆ ಕರೆ ಬರಲಿಲ್ಲ. ಆದರೆ ಯಾವ ಕಾರಣಕ್ಕೆ ಬರಲಿಲ್ಲ ಅಂತ ಈಗ ಶಿವಮೊಗ್ಗದಲ್ಲಿ ಕೂತ ನಿವೃತ್ತ ವಕೀಲರೂ ಓದಬಹುದು. ಚಿಕ್ಕಪ್ಪ ಆ ಲಿಂಕ್ ಕಳಿಸು ಅಂದರು. ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿ, ಕಿರ್ಪಾಲ್ ವಿಷಯದಲ್ಲಿ ಸರ್ಕಾರದ ವಾದ ಯಾಕೆ ನಿಲ್ಲುವುದಿಲ್ಲ ಅಂತ ಒಂದೊಂದೇ ಅಂಶ ಹಿಡಿದು, ಕೋರ್ಟಿನಲ್ಲಿ ನಿಂತವರ ಹಾಗೆ ನನಗೆ ವಾದ ಮಾಡಿ ತೋರಿಸಿದರು.